ಈಸೂರಿನಲ್ಲೊಬ್ಬ ಕಂದಾಯ ಗುಮಾಸ್ತ

ಶಿಕಾರಿಪುರದಲ್ಲಿ ನೆಂಟರ ಮದುವೆ ಮುಗಿದ ಮೇಲೆ ಅರ್ಧ ದಿನ ಉಳಿದಿತ್ತು. ಈಸೂರಿನ ಬಸ್ ಹತ್ತಿದೆ. ನಾನು ಬೇರೆ ಜಿಲ್ಲೆಯ ತಾಲ್ಲೂಕು ಕಚೇರಿಯಲ್ಲಿ ಕಂದಾಯದ ಕಡತ ನೋಡುವವನು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಶಾಲೆಯಲ್ಲೇ ಬಾಯಿಪಾಠವಾಗಿತ್ತು. ನನ್ನನ್ನು ಎಳೆದದ್ದು ಆ ಊರು 1942ರಲ್ಲಿ ನನ್ನ ಇಲಾಖೆಗೆ ಮಾಡಿದ್ದ ಗತಿ.

ಕ್ವಿಟ್ ಇಂಡಿಯಾ ಚಳವಳಿಯ ಕಾವಿನಲ್ಲಿ ಊರವರು ಕಂದಾಯ ಕೊಡುವುದಿಲ್ಲವೆಂದರು. ವಸೂಲಿಗೆ ಬಂದವರ ಲೆಕ್ಕದ ಪುಸ್ತಕ ಕಿತ್ತುಕೊಂಡರು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿ, ತಮ್ಮದೇ ಸರ್ಕಾರ ಘೋಷಿಸಿ, ಒಬ್ಬ ಹುಡುಗನನ್ನು ಅಮಲ್ದಾರನಾಗಿ ನೇಮಿಸಿಕೊಂಡರು. ಸಬ್ ಇನ್‌ಸ್ಪೆಕ್ಟರ್ ಕೂಡ ಹುಡುಗನೇ! ಅಮಲ್ದಾರನೆಂದರೆ ಇಂದಿನ ತಹಶೀಲ್ದಾರ. ನಮ್ಮ ಕಚೇರಿಯಲ್ಲಿ ಆ ಕುರ್ಚಿಯೆದುರು ಈಗಲೂ ಕೆಲವರು ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ.

1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿದವರು ಐವರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಹುತಾತ್ಮರ ಸ್ಮಾರಕದೆದುರು ನಿಂತಾಗ, ಅಲ್ಲಿ ಹೇಳಬಾರದೇನೋ, ಆ ಶಿಕ್ಷೆಗೆ ಕಾರಣವಾದ 1942ರ ಸೆಪ್ಟೆಂಬರ್‌ನ ಘರ್ಷಣೆಯಲ್ಲಿ ಸತ್ತ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಕೂಡ ನೆನಪಾದರು. ಅವರೂ ಕನ್ನಡ ಮಾತನಾಡುತ್ತಿದ್ದವರೇ, ಮೈಸೂರು ಮಹಾರಾಜರ ಸಂಬಳದವರು. ಪರಕೀಯ ಆಳ್ವಿಕೆಯ ಜಾಣತನ ಇದೇ ಇರಬೇಕು. ಮೈಸೂರು ಸೀಮೆಯಲ್ಲಿ ಬ್ರಿಟಿಷರು ಲಾಠಿ ಹಿಡಿದು ಊರೂರು ತಿರುಗಬೇಕಿರಲಿಲ್ಲ. ಹೊಡೆಯುವವರೂ ಹೊಡೆಸಿಕೊಳ್ಳುವವರೂ ನಮ್ಮವರೇ.

1947ರ ಆಗಸ್ಟ್ 15 ಬಂದಾಗಲೂ ಮೈಸೂರಿನಲ್ಲಿ ಜನರಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರವಿರಲಿಲ್ಲ. ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದ ಮೇಲೆ, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅಮಲ್ದಾರ ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಯನ್ನು ಈಸೂರು ಐದು ವರ್ಷ ಮೊದಲೇ ಎತ್ತಿತ್ತು. ನನ್ನ ಮಟ್ಟಿಗೆ ಸ್ವಾತಂತ್ರ್ಯದ ತಿರುಳು ಅಲ್ಲಿದೆ, ಬಾವುಟ ಆಮೇಲಿನದು.

ಬಸ್ಸಿಗೆ ಕಾಯುತ್ತಿದ್ದಾಗ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ನಾನು ಯಾವ ಇಲಾಖೆಯವನೆಂದು ತಿಳಿದದ್ದೇ ತಡ, ಹಳೆಯ ಕಥೆ ಬದಿಗಿಟ್ಟು, ಖಾತೆ ಬದಲಾವಣೆಗೆ ಇಷ್ಟು ದಿನ ಏಕೆ ಬೇಕು ಎಂದು ಕೇಳಿದರು. ಸರ್ವರ್, ಸಿಬ್ಬಂದಿ ಕೊರತೆ, ಮೋಜಣಿ ಎಂದು ಶುರುಮಾಡಿದೆ. “ಅದೆಲ್ಲ ನಿಮ್ಮ ತಾಪತ್ರಯ. ನಾನು ಕೇಳಿದ್ದಕ್ಕೆ ಉತ್ತರ ಹೇಳಿ” ಎಂದರು. ಬಸ್ ಬರುವವರೆಗೂ ಬಿಡಲಿಲ್ಲ.