ನಮ್ಮ ರಾಜಧಾನಿ ಇದ್ದಿದ್ದು 17 ಸಾವಿರ ಜ್ಯೋತಿರ್ವರ್ಷ ದೂರ

ಸಂಚಿಕೆಗೆ ಏನಾದ್ರೂ ಬರ್ದು ಕೊಡಿ ಅಂತ ನಮ್ಮ 97ರ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಾಗ ಎಲ್ರೂ ಕೈಮುಗಿಯೋ ಇಮೋಜಿ ಹಾಕಿ ಸುಮ್ನಾದ್ರು, ಕಡ್ಡಿ ಮಾತ್ರ "ಲೇ ಸಾಮ್ರಾಜ್ಯದ ಕಥೆ ಬರಿಯೋ" ಅಂದ. ಅದಕ್ಕೇ ಇದು. ಕಡ್ಡಿ ಅಂದ್ರೆ ಯಾರು ಅಂತ ಗೊತ್ತಿರೋರಿಗೆ ಗೊತ್ತು, ಗೊತ್ತಿಲ್ದೋರಿಗೆ ಪರಿಚಯ ಮಾಡ್ಕೊಡೋ ಅಷ್ಟು ದೊಡ್ಡ ಮನುಷ್ಯ ಅಲ್ಲ ಅವನು.

ನಮ್ದು ಚಿತ್ರದುರ್ಗದ ಕಡೆ ಬಯಲುಸೀಮೆ. ಸಂಜೆ ಆದ್ರೆ ಕರೆಂಟ್ ಹೋಗೋದು, ಹಾಸ್ಟೆಲ್ಲಲ್ಲಿ ಮುದ್ದೆ ನುಂಗಿ ಮಾಳಿಗೆ ಮೇಲೆ ಹೋಗಿ ಬಿದ್ಕೊಂಡ್ರೆ ಮೇಲೆ ಆಕಾಶ ಬಿಟ್ರೆ ನೋಡೋಕೆ ಬೇರೆ ಏನೂ ಇರ್ತಿರ್ಲಿಲ್ಲ. ಹತ್ತನೇ ಕ್ಲಾಸಲ್ಲಿ ನಾನೂ ಕಡ್ಡೀನೂ ಸೇರಿ ಇನ್ನೂರು ಪೇಜಿನ ಲಾಂಗ್ ನೋಟ್‌ಬುಕ್ಕಲ್ಲಿ ಒಂದು ಧಾರಾವಾಹಿ ಶುರು ಮಾಡಿದ್ವಿ, ಹೆಸರು ತ್ರಿಶಂಕು ಸಾಮ್ರಾಜ್ಯ. ತ್ರಿಶಂಕು ಕಥೆ ಎಲ್ರಿಗೂ ಗೊತ್ತು, ಇಂದ್ರ ಸ್ವರ್ಗದಿಂದ ಕೆಳಗೆ ತಳ್ಳಿದ, ವಿಶ್ವಾಮಿತ್ರನಿಗೆ ಸಿಟ್ಟು ಬಂದು ದಕ್ಷಿಣ ದಿಕ್ಕಲ್ಲಿ ಬೇರೆ ಸಪ್ತರ್ಷಿಗಳು ಬೇರೆ ನಕ್ಷತ್ರಗಳನ್ನೇ ಸೃಷ್ಟಿ ಮಾಡಿಬಿಟ್ಟ, ತ್ರಿಶಂಕು ಅಲ್ಲೇ ತಲೆಕೆಳಗಾಗಿ ನಿಂತ. ಆದ್ರೆ ಆಮೇಲೆ ಆ ನಕ್ಷತ್ರಗಳನ್ನ ಆಳಿದ್ದು ಯಾರು? ಅದನ್ನ ಯಾರೂ ಬರ್ದಿಲ್ಲ ಅನ್ನೋದು ಕಡ್ಡಿ ಪಾಯಿಂಟು. ನಮ್ಮ ಪ್ರಕಾರ ತ್ರಿಶಂಕು ವಂಶದೋರು ಆಳಿದ್ರು, ಅವರ ಸಿಂಹಾಸನ ಚಾವಣಿಗೆ ಬೋಲ್ಟ್ ಹಾಕಿ ಫಿಕ್ಸ್ ಮಾಡಿತ್ತು, ಬಾವುಟ ತಲೆಕೆಳಗು, ಸೈನಿಕರು ಸೆಲ್ಯೂಟ್ ಹೊಡೀತಿದ್ದಿದ್ದು ಕಾಲಲ್ಲಿ. ನಗ್ಬೇಡಿ, ಹದಿನೈದು ವರ್ಷಕ್ಕೆ ಇದು ಭಾರೀ ಐಡಿಯಾ.

ಒಂದಿನ ಸ್ಟಡಿ ಅವರ್‌ನಲ್ಲಿ ಸಿಕ್ಕಿಬಿದ್ವಿ. ನೋಟ್‌ಬುಕ್ ಕಿತ್ಕೊಂಡು ಹೋದ್ರು, ಯಾರು ಅಂತ ಈಗ ಬೇಡ. ಹೋಯ್ತು ಬಿಡು ಅಂದ್ಕೊಂಡ್ವಿ, ನಾಲ್ಕು ದಿನ ಆದ್ಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ಲ್ಯಾಬಿಗೆ ಕರೆದು ವಾಪಸ್ ಕೊಟ್ರು. ತೆಗೆದು ನೋಡಿದ್ರೆ ಪೂರ್ತಿ ಕೆಂಪು ಇಂಕು! ಪರೀಕ್ಷೆ ಪೇಪರ್ ತಿದ್ದಿದಂಗೆ ತಿದ್ದಿದ್ದಾರೆ, ಕೊನೇಲಿ ಹತ್ತಕ್ಕೆ ನಾಲ್ಕು ಮಾರ್ಕ್ಸು, ಮೊದಲನೇ ಪೇಜಲ್ಲೇ "ವಿಳಾಸ ತಪ್ಪು" ಅಂತ ಎರಡು ಗೆರೆ ಎಳೆದು ಬರ್ದಿದ್ದಾರೆ.

ವಿಳಾಸ ಹೆಂಗ್ ಸಾರ್ ತಪ್ಪು ಅಂದ್ರೆ, ತ್ರಿಶಂಕು ಅನ್ನೋ ನಕ್ಷತ್ರಪುಂಜದ ನಾಲ್ಕು ನಕ್ಷತ್ರ ನಮಗೆ ಒಟ್ಟಿಗೆ ಕಾಣುತ್ತೆ ಅಷ್ಟೇ ಕಣ್ರೋ, ಮೇಲಿಂದು ಸುಮಾರು 88 ಜ್ಯೋತಿರ್ವರ್ಷ (ಜ್ಯೋತಿರ್ವರ್ಷ ಅಂದ್ರೆ ಬೆಳಕು ಒಂದು ವರ್ಷದಲ್ಲಿ ಹೋಗೋ ದೂರ) ದೂರ ಇದ್ರೆ ಕೆಳಗಿಂದು 320 ಜ್ಯೋತಿರ್ವರ್ಷದಲ್ಲಿದೆ, ಅವು ಅಕ್ಕಪಕ್ಕದ ಮನೆಯೋರೇ ಅಲ್ಲ, ನಿಮಗೆ ಬೇಕಾಗಿರೋದು ನಕ್ಷತ್ರ ಗುಚ್ಛ, ನಾನು ತೋರಿಸ್ತೀನಿ ಬನ್ನಿ ಅಂದ್ರು. ಪರೀಕ್ಷೆಗೆ ಓದೋ ಟೈಮು, ಏಪ್ರಿಲ್ ಮೊದಲ ವಾರ, ಚಂದ್ರ ಇಲ್ಲ. ಆ ವರ್ಷ ಸಂಜೆ ಹೊತ್ತು ವಾಯವ್ಯದಲ್ಲಿ ಹೇಲ್-ಬಾಪ್ ಧೂಮಕೇತು ಕಾಣ್ತಿತ್ತು, ಊರಿಗೆ ಊರೇ ಅದನ್ನ ನೋಡ್ತಿದ್ರೆ ಮೇಷ್ಟ್ರು ನಮ್ಮಿಬ್ರನ್ನ ಮಧ್ಯರಾತ್ರಿ ಹನ್ನೆರಡೂವರೆಗೆ ಮಾಳಿಗೆ ಹತ್ತಿಸಿ ದಕ್ಷಿಣಕ್ಕೆ ನಿಲ್ಸಿದ್ರು.

ಚಿತ್ತಾ ನಕ್ಷತ್ರ ಹುಡುಕ್ರೋ ಅಂದ್ರು. ಚಿತ್ತೆ ಮಳೆ ಅಂತೀವಲ್ಲ ಅದೇ ಚಿತ್ತೆ, ಚೈತ್ರ ಮಾಸಕ್ಕೆ ಹೆಸರು ಬಂದಿದ್ದೂ ಅದರಿಂದಲೇ ಅಂತ ನನಗೆ ಗೊತ್ತಾಗಿದ್ದು ಆವತ್ತು. ಅಲ್ಲಿಂದ ನೇರ ಕೆಳಗೆ, ಕೈ ಚಾಚಿ ಮುಷ್ಟಿ ಹಿಡಿದ್ರೆ ಮೂರೂವರೆ ಮುಷ್ಟಿ ಇಳೀಬೇಕು. ಬಲಗಡೆ ಕೆಳಗೆ ಗುಡ್ಡದ ಮೇಲೆ ತ್ರಿಶಂಕು ವಾಲಿಕೊಂಡಿತ್ತು. ಮೂರೂವರೆ ಮುಷ್ಟಿ ಇಳಿದ ಜಾಗದಲ್ಲಿ ಒಂದು ಮಂಕು ಚುಕ್ಕಿ, ಸುಮ್ನೆ ನೋಡಿದ್ರೆ ಕಣ್ಣಿಗೆ ಧೂಳು ಬಿತ್ತೇನೋ ಅನ್ಸುತ್ತೆ. ಎಲ್ಲಿಂದ್ಲೋ ತಂದಿದ್ದ ಬೈನಾಕ್ಯುಲರ್ ಕೊಟ್ರು. ಸ್ಲೇಟಿನ ಮೇಲೆ ಬಳಪದ ಅಕ್ಷರಾನ ಎಂಜಲು ಹಚ್ಚಿ ಒರೆಸಿದ್ರೆ ಉಳಿಯುತ್ತಲ್ಲ, ಹಂಗೆ ಒಂದು ದುಂಡನೆಯ ಬಿಳಿ ಕಲೆ. ಅದೇ ಮೇಷ್ಟ್ರು ಹೇಳಿದ ಗುಚ್ಛ, ಒಮೆಗಾ ಸೆಂಟಾರಿ. ಹಿಂದೆ ಖಗೋಳಜ್ಞ ಟಾಲೆಮಿ ಅದನ್ನ ಒಂದು ನಕ್ಷತ್ರ ಅಂತಲೇ ಪಟ್ಟಿಗೆ ಸೇರಿಸಿದ್ದ, 1677ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಹ್ಯಾಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ ಇದು ಒಂಟಿ ನಕ್ಷತ್ರ ಅಲ್ಲ ಅಂದ. ಒಳಗಿರೋದು ಸುಮಾರು ಒಂದು ಕೋಟಿ ನಕ್ಷತ್ರ, ಅಗಲ ಸುಮಾರು 150 ಜ್ಯೋತಿರ್ವರ್ಷ, ನಮ್ಮಿಂದ ದೂರ 17 ಸಾವಿರ ಜ್ಯೋತಿರ್ವರ್ಷ. ಕಡ್ಡಿ ಬೈನಾಕ್ಯುಲರ್ ಕೊಡ್ಲೇ ಇಲ್ಲ. "ಒಂದು ಕೋಟಿನಾ ಸಾರ್? ಕಂದಾಯ ಎಷ್ಟು ಬರುತ್ತೆ!" ಅಂದ. ಈಗ ಅವನು ತೆರಿಗೆ ಸಲಹೆಗಾರ, ಸುಳ್ಳಲ್ಲ.

ರಾಜಧಾನಿನ ಗುಚ್ಛದ ನಟ್ಟನಡುವೆ ಇಟ್ವಿ. ಅಲ್ಲಿಂದ ಶುರುವಾಯ್ತು ಮೇಷ್ಟ್ರ ಕಾಟ. ನಮ್ಮ ಸೂರ್ಯನಿಗೆ ಹತ್ತಿರದ ನಕ್ಷತ್ರ ನಾಲ್ಕು ಜ್ಯೋತಿರ್ವರ್ಷಕ್ಕಿಂತ ದೂರ, ಅಲ್ಲಿ ನಡುವೆ ಒಂದು ಜ್ಯೋತಿರ್ವರ್ಷದ ಹತ್ತನೇ ಒಂದು ಭಾಗದಷ್ಟು ದೂರಕ್ಕೊಂದು ನಕ್ಷತ್ರ, ಆಕಾಶದ ತುಂಬ ದೀಪ ಹಚ್ಚಿದಂಗೆ ಇರುತ್ತೆ, ಸರಿಯಾದ ಕತ್ತಲೆನೇ ಆಗಲ್ಲ, ನಿಮ್ಮ ಕಳ್ಳಸಾಗಣೆಯೋನು ಕತ್ತಲಲ್ಲಿ ಕೋಟೆಗೆ ನುಗ್ಗೋದು ಹೆಂಗಪ್ಪಾ? ಆ ಅಧ್ಯಾಯ ಹರಿದು ಹಾಕಿದ್ವಿ. ಆಮೇಲೆ ಕಬ್ಬಿಣ. ಅಲ್ಲಿರೋವು ಬಹುಪಾಲು ಹನ್ನೆರಡು ನೂರು ಕೋಟಿ ವರ್ಷದಷ್ಟು ಹಳೇ ಮುದುಕ ನಕ್ಷತ್ರಗಳು, ಅವು ಹುಟ್ಟಿದಾಗ ವಿಶ್ವದಲ್ಲಿ ಕಬ್ಬಿಣ ಇನ್ನೂ ಅಷ್ಟಾಗಿ ತಯಾರೇ ಆಗಿರ್ಲಿಲ್ಲ, ಕಬ್ಬಿಣ ಬರೋದು ನಕ್ಷತ್ರಗಳು ಬೆಂದು ಸಿಡಿದ ಮೇಲೆ. "ಮೂರು ಸಾವಿರ ಯುದ್ಧನೌಕೆ ಅಂತ ಬರ್ದಿದ್ದೀರಲ್ಲ, ಕಬ್ಬಿಣ ಏನು ಭದ್ರಾವತಿಯಿಂದ ಹೋಗುತ್ತಾ?" ಇದಕ್ಕೆ ಕಡ್ಡಿ ಒಂದು ರಾತ್ರಿ ನಿದ್ದೆಗೆಟ್ಟು, ಅಲ್ಲಿ ಕಬ್ಬಿಣಕ್ಕೆ ಚಿನ್ನದ ಬೆಲೆ, ರಾಣಿ ಮೂಗುಬೊಟ್ಟು ಕಬ್ಬಿಣದ್ದು, ಯುದ್ಧ ನಡೆಯೋದೇ ಒಂದು ಹಳೇ ಕುಡುಗೋಲಿಗೋಸ್ಕರ ಅಂತ ಬರ್ದ. ಮೇಷ್ಟ್ರು ಮಾರ್ಕ್ಸ್ ಆರಕ್ಕೆ ಏರಿಸಿದ್ರು.

ಆದ್ರೆ ನಮ್ಮನ್ನ ನಿಜವಾಗ್ಲೂ ಕೆಡವಿದ್ದು ಬೇರೆ ಪ್ರಶ್ನೆ. ಚಕ್ರವರ್ತಿ ರಾಜಧಾನಿಯಿಂದ ಗಡಿಗೆ ದಾಳಿ ಮಾಡು ಅಂತ ಆಜ್ಞೆ ಕಳಿಸ್ತಾನೆ, ಸೇನಾಪತಿ ತಕ್ಷಣ ಹೊರಡ್ತಾನೆ. ಅದರ ಪಕ್ಕದಲ್ಲಿ ಕೆಂಪು ಇಂಕಲ್ಲಿ "ತಕ್ಷಣ?" ಅಂತ. ನಡುವಿಂದ ಗಡಿಗೆ 75 ಜ್ಯೋತಿರ್ವರ್ಷ, ಬೆಳಕಿನ ವೇಗಕ್ಕಿಂತ ಬೇಗ ಸುದ್ದಿ ಹೋಗಲ್ಲ, ಅಂದ್ರೆ 75 ವರ್ಷ. 1974ರಲ್ಲಿ ಅರೆಸಿಬೊ ದೂರದರ್ಶಕದಿಂದ ಎಂ 13 ಅನ್ನೋ ಇನ್ನೊಂದು ಗುಚ್ಛದ ಕಡೆಗೆ ರೇಡಿಯೋ ಸಂದೇಶ ಬಿಟ್ರಂತೆ, ಕಳಿಸೋಕೆ ಹಿಡಿದಿದ್ದು ಮೂರು ನಿಮಿಷ, ಮುಟ್ಟೋಕೆ ಸುಮಾರು 25 ಸಾವಿರ ವರ್ಷ. ಇಷ್ಟು ಹೇಳಿ ಮೇಷ್ಟ್ರು ಬೆಲ್ ಆಯ್ತು ಅಂತ ಎದ್ದು ಹೋದ್ರು. ನಾವು ನೌಕೆಗಳಿಗೆ ಮಂತ್ರಶಕ್ತಿ ಕೊಡೋಣ ಅಂತ ನಾನು, ಬೇಡ ಅದು ಮೋಸ ಅಂತ ಕಡ್ಡಿ, ಎರಡು ದಿನ ಮಾತು ಬಿಟ್ವಿ. ಕೊನೆಗೆ ಬರೆದಿದ್ದು ಏನಪ್ಪಾ ಅಂದ್ರೆ, ಆಜ್ಞೆ ಹೊರಟಾಗ ಇದ್ದ ಸೇನಾಪತಿ ಸತ್ತಿರ್ತಾನೆ, ಅವನ ಮೊಮ್ಮಗನಿಗೆ ಅದು ಮುಟ್ಟುತ್ತೆ, ಅಷ್ಟು ಹೊತ್ತಿಗೆ ಎರಡೂ ಕಡೆಯೋರು ಹೆಣ್ಣು ಕೊಟ್ಟು ತಂದು ಬೀಗರಾಗಿರ್ತಾರೆ, ಅವನು ಆಜ್ಞೆ ಓದಿ ಮಡಚಿ ಜೇಬಲ್ಲಿಟ್ಕೊಂಡು ಮದುವೆ ಊಟಕ್ಕೆ ಕೂರ್ತಾನೆ. ನಾವಿಬ್ರೂ ಬರೆದಿದ್ರಲ್ಲಿ ಅದೊಂದೇ ಅಧ್ಯಾಯ ಈಗಲೂ ನನಗೆ ಇಷ್ಟ. ಮೇಷ್ಟ್ರು ಮಾರ್ಕ್ಸ್ ಹಾಕ್ಲಿಲ್ಲ, ಮುಂದೇನಾಯ್ತು ಅಂತ ಕೇಳಿದ್ರು.

ಎಸ್‌ಎಸ್‌ಎಲ್‌ಸಿ ಮುಗೀತು, ನೋಟ್‌ಬುಕ್ ಕಡ್ಡಿ ಟ್ರಂಕಲ್ಲಿ ಹೋಯ್ತು, ಗೆದ್ದಲು ತಿಂತಂತೆ. ಆಮೇಲೆ ಸುದ್ದಿ ಬಂದಾಗೆಲ್ಲ ಒಬ್ರಿಗೊಬ್ರು ಹೇಳ್ಕೋತಿದ್ವಿ. ಹಬಲ್ ದೂರದರ್ಶಕ 47 ಟುಕಾನಿ ಅನ್ನೋ ಗುಚ್ಛದಲ್ಲಿ 34 ಸಾವಿರ ನಕ್ಷತ್ರ ಕಾದು ನೋಡಿ ಒಂದೂ ಗ್ರಹ ಕಾಣ್ಲಿಲ್ಲ ಅಂದಾಗ ಬೇಜಾರಾಯ್ತು. ಒಮೆಗಾ ಸೆಂಟಾರಿ ಬಹುಶಃ ನಮ್ಮ ಗ್ಯಾಲಕ್ಸಿ ಹಿಂದೆಂದೋ ನುಂಗಿದ ಸಣ್ಣ ಗ್ಯಾಲಕ್ಸಿಯ ತಿರುಳು ಅಂತ ಬಹಳ ವಿಜ್ಞಾನಿಗಳು ಹೇಳ್ತಾರೆ ಅಂತ ಓದಿದಾಗ ಕಡ್ಡಿಗೆ ಖುಷಿ, ನೋಡು ನಾನು ಹೇಳಿದ್ದೆ ಸೋತ ರಾಜ್ಯ ಅಂತ.

2024ರ ಜುಲೈನಲ್ಲಿ ರಾತ್ರಿ ಹನ್ನೊಂದಕ್ಕೆ ಫೋನು. "ಲೇ, ರಾಜಧಾನಿ ಹೋಯ್ತು ಕಣೋ!" ಹಬಲ್ಲಿನ ಇಪ್ಪತ್ತು ವರ್ಷದ ಚಿತ್ರಗಳನ್ನ ಇಟ್ಕೊಂಡು ನೋಡಿದ್ರಂತೆ, ಗುಚ್ಛದ ನಡುವೆ ಏಳು ನಕ್ಷತ್ರ ಇರಬೇಕಾದ್ದಕ್ಕಿಂತ ಭಾರೀ ಸ್ಪೀಡಲ್ಲಿ ಓಡ್ತಿವೆ, ಅಷ್ಟು ಸ್ಪೀಡಿಗೂ ಅವು ತಪ್ಪಿಸ್ಕೊಂಡು ಹೋಗ್ಬಾರ್ದು ಅಂದ್ರೆ ಅಲ್ಲಿ ಕಡೇಪಕ್ಷ 8,200 ಸೂರ್ಯರ ತೂಕದ, ಬೆಳಕನ್ನೂ ಹೊರಗೆ ಬಿಡದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಇರ್ಬೇಕು. ನಾವು ಚಾವಣಿಗೆ ಸಿಂಹಾಸನ ಬೋಲ್ಟ್ ಹಾಕಿದ್ದ ಜಾಗದಲ್ಲೇ.

ಬೆಳಿಗ್ಗೆ ಕಾನ್ಫರೆನ್ಸ್ ಹಾಕಿ ಮೇಷ್ಟ್ರಿಗೆ ಮಾಡಿದ್ವಿ. ರಿಟೈರ್ ಆಗಿ ಊರಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ಎರಡು ಸಲ ಕೂಗಿ ಹೇಳ್ಬೇಕಾಯ್ತು. ಕೇಳಿಸ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ರು.

"ಸರಿ, ಗಡಿಯಲ್ಲಿರೋರಿಗೆ ಈ ಸುದ್ದಿ ಮುಟ್ಟಿದೆಯೋ ಇಲ್ವೋ? ಅದನ್ನ ಮೊದ್ಲು ಹೇಳ್ರೋ."

ಕಡ್ಡಿ ಇನ್ನೂ ಲೆಕ್ಕ ಹಾಕ್ತಿದ್ದಾನೆ.