ಚಿಗವ್ವನ ಚಿತ್ರ: ಮುಖ ಕೂತಿದೆ, ಕೈ ಬಾಕಿ

ಆಯಿಲ್ ಪೇಂಟಿಂಗ್ ಅರ್ಧಕ್ಕಿಂತ ಜಾಸ್ತಿ ಆಗಿದೆ. 24x30 ಇಂಚಿನ ಕ್ಯಾನ್ವಾಸ್. ಬಳ್ಳಾರಿಯ ಕೌಲ್ ಬಜಾರ್‌ನ ಮನೆಯಲ್ಲಿ ಚಿಗವ್ವ, ಅಂದರೆ ನನ್ನ ಚಿಕ್ಕಮ್ಮ, ನೆಲದ ಮೇಲೆ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಿದ್ದಾಳೆ. ನಮ್ಮೂರ ಜೀನ್ಸ್ ಎಲ್ಲರಿಗೂ ಗೊತ್ತು. ಹೊಲಿಗೆ ಮುಗಿದ ಮೇಲೆ ಮನೆಮನೆಯಲ್ಲಿ ಕೂತು ದಾರ ಕತ್ತರಿಸುವ ಹೆಂಗಸರ ಚಿತ್ರ ಮಾತ್ರ ನಾನು ಎಲ್ಲೂ ನೋಡಿಲ್ಲ.

ಮೊದಲ ಪದರ ರಾ ಅಂಬರ್ ಅನ್ನೋ ಮಣ್ಣಿನ ಕಂದು ಬಣ್ಣ. ಬೇಗ ಒಣಗುತ್ತದೆ. ಟರ್ಪೆಂಟೈನ್ ಹಾಕಿ ತೆಳ್ಳಗೆ ಬಳಿದು ಬೆಳಕು, ನೆರಳು ಅಷ್ಟೇ ಗುರುತು ಮಾಡಿದೆ. ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಹೆಚ್ಚಿಸುತ್ತಾ ಹೋಗಬೇಕು. ಉಲ್ಟಾ ಮಾಡಿದರೆ ಮುಂದೆ ಬಣ್ಣ ಬಿರುಕು ಬಿಡುತ್ತದೆ.

ನನ್ನ ಹೊತ್ತೆಲ್ಲ ಹೋಗಿದ್ದು ಮೈಬಣ್ಣಕ್ಕೆ. ಚಿಗವ್ವನದು ಗಾಢ ಕಂದು. ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಹೆಚ್ಚಿನ ಕೆಲಸ ಈ ಮೂರರಲ್ಲೇ. ಬೆಳಕು ಬಿದ್ದಲ್ಲೆಲ್ಲ ಬಿಳಿ ಬೆರೆಸಿದರೆ ಮುಖಕ್ಕೆ ಬೂದಿ ಬಳಿದ ಹಾಗೆ ಆಗುತ್ತದೆ. ಕಪ್ಪು ಚರ್ಮದ ಹೊಳಪಲ್ಲಿ ಬಾಗಿಲಾಚೆಯ ಆಕಾಶ ಇರುತ್ತದೆ. ಹಾಗಾಗಿ ಹಣೆಗೂ ಮೂಗಿನ ತುದಿಗೂ ನೀಲಿ ಬೇಕು. ಮಡಿಲಲ್ಲಿ ತಿಳಿ ನೀಲಿ ಜೀನ್ಸ್ ರಾಶಿ ಬೇರೆ ಇದೆಯಲ್ಲ, ಅದರ ಬಣ್ಣ ಗದ್ದದ ಕೆಳಗೆ, ಮುಂಗೈ ಒಳಗೆ ಒಂಚೂರು ಹತ್ತುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಣಕರ್ ಅವರ ಚಿತ್ರದ ದೀಪ ಹಿಡಿದ ಹೆಂಗಸು ಇದ್ದಾಳಲ್ವಾ, ಅಲ್ಲೂ ಮುಖದ ಬಣ್ಣ ಕೆಳಗಿನಿಂದಲೇ ಬರುತ್ತದೆ. ಅದೂ ಜಲವರ್ಣದಲ್ಲಿ! ಬೆರಳ ಸಂದಿಯ ಆ ಕೆಂಪು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸೀರೆ ವಿಷಯದಲ್ಲಿ ಚಿಗವ್ವ ಬಿಟ್ಟುಕೊಡಲಿಲ್ಲ. ನನಗೆ ಅವಳು ದಿನಾ ತೊಡುವ ನೈಟಿ ಬೇಕಿತ್ತು. "ಚಿತ್ರ ತೆಗಸ್ಕೊಳ್ಳಾಕ ನೈಟೀನಾ? ನಾಕು ಮಂದಿ ನೋಡ್ತಾರವ್ವಾ" ಅಂತ ಹಸಿರು ಇಳಕಲ್ ಸೀರೆ ಉಟ್ಟು ಬಂದು ಕೂತಳು. ಆಮೇಲೆ ನನಗೂ ಅದೇ ಸರಿ ಅನಿಸಿತು. ತನ್ನನ್ನು ನೋಡುತ್ತಾರೆ ಅಂತ ಗೊತ್ತಾದಾಗ ಒಳ್ಳೆ ಸೀರೆ ಉಡೋದೂ ಅವಳ ನಿಜವೇ. ದುಡಿಯುವ ಹೆಂಗಸನ್ನು ಇದ್ದ ಹಾಗೆ ಬರೆಯೋದು ಅಂದರೆ ಹರಕು ಬಟ್ಟೆ, ಸೋತ ಮುಖ ಇರಲೇಬೇಕು ಅನ್ನೋದನ್ನು ನಾನು ಒಪ್ಪೋದಿಲ್ಲ. ತಮಿಳುನಾಡಿನ ಚಿತ್ರಕಲಾವಿದ ಎಸ್. ಇಳೆಯರಾಜ ಅವರ ಚಿತ್ರಗಳಲ್ಲಿ ಹಳ್ಳಿ ಹೆಂಗಸರು ಎಷ್ಟು ಘನವಾಗಿದ್ದಾರೆ! 2021ರಲ್ಲಿ ಅವರು ತೀರಿಹೋದಾಗ ನನ್ನ ಗುರುವೇ ಹೋದಷ್ಟು ಸಂಕಟ ಆಗಿತ್ತು. ಮನೆಯೊಳಗಿನ ಬೆಳಕನ್ನು ನೋಡಲು ಕಲಿತದ್ದು ಅವರ ಚಿತ್ರಗಳಿಂದ.

ನೋಟದ ಬಗ್ಗೆಯೂ ಒಂದು ತೀರ್ಮಾನ ಆಯಿತು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ ಮೂವರು ಹುಡುಗಿಯರು ನಮ್ಮನ್ನು ನೋಡುವುದಿಲ್ಲ. ಕೈಗಳೂ ಸುಮ್ನೆ ಇವೆ. ಮುಂದೆ ಏನು ಬರುತ್ತದೋ ಅಂತ ಕಾಯುತ್ತಿದ್ದಾರೆ ಅನಿಸುತ್ತದೆ. ಚಿಗವ್ವನೂ ನಮ್ಮ ಕಡೆ ನೋಡುವುದಿಲ್ಲ, ಆದರೆ ಅವಳ ಕಣ್ಣು ದಾರದ ಮೇಲಿದೆ. ನೋಡುವವರಿಗಾಗಿ ಅವಳು ಕೆಲಸ ನಿಲ್ಲಿಸಬಾರದು. ಹಾಗಾಗಿ ರೆಪ್ಪೆ ಇಳಿಸಿಯೇ ಮುಖ ಮುಗಿಸಿದೆ.

ಇನ್ನು ಕೈ. ದಾರದ ಕತ್ತರಿಗೆ ಬೆರಳು ತೂರಿಸುವ ಬಳೆ ಇಲ್ಲ. ಅದು ಅಂಗೈಯಲ್ಲೇ ಅಡಗುತ್ತದೆ, ಹೆಬ್ಬೆರಳು ತೋರುಬೆರಳು ಸೇರಿ ಒತ್ತುತ್ತವೆ. ಎಡಗೈ ದಾರವನ್ನು ಬಿಗಿಯಾಗಿ ಎಳೆದಿರುತ್ತದೆ. ಆ ಎಳೆತ ಮಣಿಕಟ್ಟಿನ ನರದಲ್ಲಿ ಕಾಣಬೇಕು. ಇಡೀ ಚಿತ್ರ ನಿಂತಿರೋದೇ ಅದರ ಮೇಲೆ. ಫೋಟೋ ನೋಡಿ ಇದು ಆಗದು. ಮೊಬೈಲನ್ನು ಹತ್ತಿರ ಹಿಡಿದರೆ ಮುಂದಿನ ಕೈ ಇರೋದಕ್ಕಿಂತ ದೊಡ್ಡದಾಗಿ ಬರುತ್ತದೆ. ಬೆಳಗ್ಗೆ ಅಂಗಳಕ್ಕೆ ಬಿಸಿಲು ಬರುವ ಮುಂಚೆ ಎದುರಿಗೇ ಕೂತು ಬರೆಯಬೇಕು. ಚಿಗವ್ವನೂ ಆ ಹೊತ್ತಿಗೇ ಕೆಲಸಕ್ಕೆ ಕೂರುತ್ತಾಳೆ.

ಈ ವಾರ ಎಡಗೈ. ಬಲಗೈಗೆ ಮೊದಲು ಇದ್ದಿಲಲ್ಲಿ ಸ್ಕೆಚ್ ಮಾಡಿಕೊಳ್ಳುತ್ತೇನೆ. ಸೀರೆಯ ಅಂಚು ಕೊನೆಗೆ. ವಾರ್ನಿಶ್ ಅಂತೂ ಆರು ತಿಂಗಳು ಕಳೆದ ಮೇಲೇ.