ಫ್ಯಾನ್ ಇಲ್ಲದ ಡಬ್ಬಿ ಹುಡುಕಿಕೊಂಡು

ಸದ್ದು ಮಾಡದ ಸಣ್ಣ ಕಂಪ್ಯೂಟರ್ ಬೇಕು ಅಂದರೆ ಅಂಗಡಿಯವರು ಮೊದಲು ಕೇಳುವುದು ‘ಬಜೆಟ್ ಎಷ್ಟು ಸರ್’. ಆಮೇಲೆ ‘ಗೇಮಿಂಗಾ, ಎಡಿಟಿಂಗಾ’. ಸದ್ದಿನ ಮಾತೇ ಬರುವುದಿಲ್ಲ. ಡಬ್ಬದ ಮೇಲೂ ಬರೆದಿರುವುದಿಲ್ಲ. ಕೋರ್ ಎಷ್ಟು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಲ್ಲಾ ದಪ್ಪ ಅಕ್ಷರದಲ್ಲಿ ಇರುತ್ತೆ, ರಾತ್ರಿ ಹನ್ನೊಂದಕ್ಕೆ ಪಕ್ಕದಲ್ಲಿ ಒಬ್ಬರು ಮಲಗಿರುವಾಗ ಅದು ಎಷ್ಟು ಗುಯ್‌ಗುಡುತ್ತೆ ಅನ್ನೋದು ಮಾತ್ರ ಮನೆಗೆ ತಂದು ಪ್ಲಗ್ಗಿಗೆ ಹಾಕಿದ ಮೇಲೆ ಗೊತ್ತಾಗಬೇಕು.

ನಮ್ಮ ಮನೆ ಮಂಡ್ಯದಲ್ಲಿ, ಊರು ಮುಗಿದು ಗದ್ದೆ ಶುರುವಾಗುವ ಕಡೆ. ಕಂಪ್ಯೂಟರ್ ಇರುವುದು ಹಾಲಿನಲ್ಲಿ. ಅಪ್ಪ ಮಲಗುವುದೂ ಅಲ್ಲೇ. ನಾನು ಸಂಜೆ ಮೇಲೆ ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ ಅಂತ ಕನ್ನಡ ಟೈಪಿಂಗ್ ಮಾಡಿಕೊಡುತ್ತೇನೆ. ಅಮ್ಮನಿಗೆ ಯೂಟ್ಯೂಬಲ್ಲಿ ಹರಿಕಥೆ ಬೇಕು. ಇಷ್ಟೇ ಕೆಲಸ. ಇದಕ್ಕೆ ಇದ್ದದ್ದು ನಾಲ್ಕನೇ ಪೀಳಿಗೆಯ ಐ5 ಹಾಕಿದ ದೊಡ್ಡ ಟವರ್ ಸಿಪಿಯು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು, ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ಪು ಇರಲೇಬೇಕು ಅನ್ನುತ್ತೆ. ಅಲ್ಲಿಗೆ ಹಳೆಯದರ ಕಥೆ ಮುಗೀತು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಇನ್ನಷ್ಟು ವರ್ಷ ಓಡಿಸಬಹುದಿತ್ತು, ಆದರೆ ಅದರ ಸದ್ದು ಲಿನಕ್ಸ್ ಹಾಕಿದರೆ ಹೋಗುತ್ತಾ?

ಆ ಟವರಿನ ಪಕ್ಕದ ತಗಡು ಬಿಚ್ಚಿದರೆ ಒಳಗೆ ಪ್ರೊಸೆಸರ್ ಮೇಲಿನ ಫ್ಯಾನು, ಅದರ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳು. ಪಟ್ಟಿಗಳ ಸಂದಿಯಲ್ಲಿ ಧೂಳು ಬೂದು ಕಂಬಳಿಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು, ಬೆರಳಲ್ಲಿ ಎತ್ತಿದರೆ ಒಂದೇ ತುಂಡಾಗಿ ಬಂತು. ಅದರಲ್ಲಿ ಕಪ್ಪು ಮಸಿಯೂ ಇತ್ತು. ನಮ್ಮ ಕಡೆ ಆಲೆಮನೆ ಶುರುವಾದರೆ ಒಲೆಗೆ ಕಬ್ಬಿನ ಸಿಪ್ಪೆ ಹಾಕಿ ಉರಿಸುತ್ತಾರೆ, ಅದರ ಬೂದಿ ಗಾಳಿ ಬೀಸಿದ ಕಡೆ ಬರುತ್ತೆ, ಒಣಗಹಾಕಿದ ಬಟ್ಟೆ ಮೇಲೂ ಕೂರುತ್ತೆ. ಫ್ಯಾನ್ ಇರುವ ಯಾವ ಯಂತ್ರವೂ ಅದನ್ನು ಒಳಗೆಳೆದುಕೊಳ್ಳುತ್ತೆ. ಗಾಳಿ ಹೋಗುವ ದಾರಿ ಕಟ್ಟಿದಷ್ಟೂ ಪ್ರೊಸೆಸರ್ ಬಿಸಿ, ಬಿಸಿಯಾದಷ್ಟೂ ಫ್ಯಾನು ಜೋರು. ಹೊಸದಾಗಿದ್ದಾಗ ಸುಮ್ಮನಿದ್ದದ್ದು ಮೂರ್ನಾಲ್ಕು ವರ್ಷಕ್ಕೆ ಹಿಟ್ಟಿನ ಗಿರಣಿ ಆಗುವುದು ಹೀಗೆ.

ಸದ್ದಿನ ಪ್ರಶ್ನೆ ನಿಜವಾಗಿ ಶಾಖದ ಪ್ರಶ್ನೆ. ಕಂಪ್ಯೂಟರ್ ಎಷ್ಟು ವ್ಯಾಟ್ ಕರೆಂಟ್ ಕುಡಿಯುತ್ತೋ ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಗೆ ಹೋಗಬೇಕು. 65 ವ್ಯಾಟಿನ ಪ್ರೊಸೆಸರ್ ತಂದು ಅಂಗೈ ಅಗಲದ ಡಬ್ಬಿಗೆ ತುರುಕಿದರೆ ಅದರ ಫ್ಯಾನು ಕೂಗಲೇಬೇಕು, ಬೇರೆ ದಾರಿಯಿಲ್ಲ. ಅದರ ಮೇಲೆ ಸಣ್ಣ ಡಬ್ಬಿಗೆ ಸಣ್ಣ ಫ್ಯಾನೇ ಹಿಡಿಸೋದು. ಸಣ್ಣ ಫ್ಯಾನು ಅಷ್ಟೇ ಗಾಳಿ ತಳ್ಳಬೇಕಾದರೆ ಜಾಸ್ತಿ ವೇಗವಾಗಿ ತಿರುಗಬೇಕು, ಆಗ ಬರುವುದು ಕಿವಿಗೆ ಚುಚ್ಚುವ ಕೀರಲು ಸದ್ದು. ದೊಡ್ಡ ಟವರಿನ ಭರ್ ಅನ್ನುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತೆ, ಇದಕ್ಕೆ ಒಗ್ಗಲ್ಲ. ಅದಕ್ಕೇ ನಾನು ಕೋರ್ ಲೆಕ್ಕ ಬಿಟ್ಟು ವ್ಯಾಟ್ ಲೆಕ್ಕ ಹಿಡಿದೆ.

ಮೊದಲು ನೋಡಿದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ಅಲ್ಲಿ ಕಂಪನಿಗಳು ಬಳಸಿ ಬಿಟ್ಟ ಸಣ್ಣ ಆಫೀಸ್ ಪಿಸಿಗಳು ಸಾಲಾಗಿ ಜೋಡಿಸಿರುತ್ತಾರೆ. ಲೆನೋವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ, ಮೂರೂ ಹೆಚ್ಚುಕಮ್ಮಿ ಒಂದೇ ಅಳತೆ, ಒಂದು ದಪ್ಪ ಪುಸ್ತಕದಷ್ಟು. ಕೊಡುವ ದುಡ್ಡಿಗೆ ಇದಕ್ಕಿಂತ ಗಟ್ಟಿ ಮಾಲು ಸಿಗಲ್ಲ, ಇದನ್ನು ಒಪ್ಪಲೇಬೇಕು. ಆದರೆ ಪ್ರೊಸೆಸರ್ ಹೆಸರು ಕಣ್ಣಿಟ್ಟು ಓದಬೇಕು. ಐ5-6500ಟಿ ಅಂತ ಇದ್ದರೆ ಅದು ಆರನೇ ಪೀಳಿಗೆ, ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಐ5-8500ಟಿ ಆದರೆ ಆರು ಕೋರ್, ಪಟ್ಟಿಯಲ್ಲಿದೆ. ಅಂಗಡಿಯವರು ಎರಡನ್ನೂ ‘ಐ5 ಸರ್’ ಅಂತಲೇ ಕೊಡುತ್ತಾರೆ. ಕೊನೆಯ ಟಿ ಅಕ್ಷರ ಇದ್ದರೆ 35 ವ್ಯಾಟಿನ ಪ್ರೊಸೆಸರ್ ಅಂತ ಲೆಕ್ಕ. 35 ವ್ಯಾಟ್ ಅಂದರೂ ಫ್ಯಾನ್ ಬೇಕೇಬೇಕು. ಸುಮ್ನೆ ಇದ್ದಾಗ ಕೇಳಿಸಲ್ಲ, ಬ್ರೌಸರಲ್ಲಿ ನಾಲ್ಕು ಟ್ಯಾಬ್ ತೆರೆದ ತಕ್ಷಣ ಉಸಿರು ಬಿಡೋಕೆ ಶುರು ಮಾಡುತ್ತೆ. ಹಳೆಯದಾದ್ದರಿಂದ ಪ್ರೊಸೆಸರಿಗೂ ಅದರ ಶಾಖ ಹೀರುವ ಲೋಹದ ಹೀಟ್‌ಸಿಂಕಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿರುತ್ತೆ, ಅದನ್ನು ಒರೆಸಿ ಹೊಸದು ಹಚ್ಚಿದರೆ ಸದ್ದು ಎಷ್ಟೋ ಇಳಿಯುತ್ತೆ. ರಾತ್ರಿ ಸದ್ದಿನ ಗೊಡವೆ ಇಲ್ಲದವರು ಇದನ್ನೇ ತಗೊಳ್ಳಿ, ನನ್ನ ತಕರಾರಿಲ್ಲ.

ರಾಸ್‌ಬೆರ‍್ರಿ ಪೈ ತಗೋ, ಒಂದೇ ಬೋರ್ಡಿನ ಅಗ್ಗದ ಪುಟ್ಟ ಕಂಪ್ಯೂಟರ್ ಅದು, ಅಂತ ಹೇಳುವ ಸ್ನೇಹಿತ ಎಲ್ಲರಿಗೂ ಒಬ್ಬ ಇರುತ್ತಾನೆ, ನನಗೂ ಇದ್ದಾನೆ. ಪೈ 5 ಬಂದದ್ದು 2023ರಲ್ಲಿ, ಚೆನ್ನಾಗಿದೆ, ಆದರೆ ಅದು ಎಆರ್‌ಎಂ ಪ್ರೊಸೆಸರ್, ಅಂದರೆ ಇಂಟೆಲ್‌ಗಿಂತ ಬೇರೆ ಜಾತಿಯದು, ಮಾಮೂಲಿ ವಿಂಡೋಸ್ ಅದರಲ್ಲಿ ಸಲೀಸಾಗಿ ಓಡಲ್ಲ. ನನ್ನ ಹತ್ತಿರ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲುಗಳು ರಾಶಿ ಇವೆ. ಅವು ಎಲ್ಲಾ ಕಂಪ್ಯೂಟರಲ್ಲೂ ಓದಲು ಬರುವ ಯೂನಿಕೋಡ್ ಅಲ್ಲ. ಗಿರಾಕಿಗಳು ಹೋದ ವರ್ಷದ ಪತ್ರಿಕೆಯಲ್ಲೇ ಹೆಸರು ಬದಲಿಸಿಕೊಡಿ ಅಂತ ಬರುತ್ತಾರೆ. ಅದಕ್ಕೆ ವಿಂಡೋಸೂ ನುಡಿಯೂ ಇದ್ದರೇ ಸಲೀಸು. ಬರೀ ಯೂನಿಕೋಡಲ್ಲಿ ಬರೆಯುವವರಾದರೆ ಲಿನಕ್ಸಲ್ಲೂ ಕಗಪ ಕೀಲಿಮಣೆ ಸೆಟ್ಟಿಂಗಿನಲ್ಲೇ ಸಿಗುತ್ತೆ, ಏನೂ ತೊಂದರೆ ಇಲ್ಲ. ಇನ್ನು ಪೈಗೆ ಕೇಸು, 27 ವ್ಯಾಟಿನ ಅದರದೇ ಅಡಾಪ್ಟರು, ಎಸ್‌ಎಸ್‌ಡಿ ಹಾಕಲು ಮೇಲೊಂದು ಬೋರ್ಡು ಅಂತ ಸೇರಿಸುತ್ತಾ ಹೋದರೆ ಅಗ್ಗ ಅನ್ನುವ ಮಾತು ಅಲ್ಲೇ ಕರಗುತ್ತೆ.

ಮ್ಯಾಕ್ ಮಿನಿ ಬಗ್ಗೆ ಎರಡೇ ಮಾತು. 2024ರ ಎಂ4 ಮ್ಯಾಕ್ ಮಿನಿಯಲ್ಲಿ ಫ್ಯಾನ್ ಇದೆ, ಮಾಮೂಲಿ ಕೆಲಸದಲ್ಲಿ ಕೇಳಿಸೋದೇ ಇಲ್ಲ. ದುಡ್ಡಿದ್ದು ವಿಂಡೋಸ್ ಬೇಡದವರಿಗೆ ಅದಕ್ಕಿಂತ ಒಳ್ಳೆಯದು ಈಗ ಇಲ್ಲ ಅಂತಲೇ ನನ್ನ ಅನಿಸಿಕೆ. ನನಗೆ ವಿಂಡೋಸ್ ಬೇಕು.

ಕೊನೆಗೆ ಉಳಿದದ್ದು ಇಂಟೆಲ್ ಎನ್100. 2023ರಲ್ಲಿ ಬಂದ ಪ್ರೊಸೆಸರ್, ನಾಲ್ಕು ಕೋರ್, ಹಾಳೆಯ ಮೇಲೆ 6 ವ್ಯಾಟ್. ಇದರ ತಮ್ಮ ಎನ್150 ಈಗ ಬರುತ್ತಿದೆ, ವ್ಯತ್ಯಾಸ ಅಂಥದ್ದೇನಿಲ್ಲ, ಯಾವುದು ಕಡಿಮೆಗೆ ಸಿಗುತ್ತೋ ಅದು ತಗೊಳ್ಳಿ. ಎನ್95 ಅಂತ ಇನ್ನೊಂದಿದೆ, ಅದು 15 ವ್ಯಾಟಿನದು, ಸದ್ದು ಬೇಡ ಅನ್ನುವವರಿಗೆ ಹೇಳಿದ್ದಲ್ಲ. ಎನ್100 ವೇಗ ಸಾಕಾ ಅಂತ ಕೇಳಿದರೆ ಟೈಪಿಂಗು, ಬ್ರೌಸರು, ಬ್ಯಾಂಕಿನ ಕೆಲಸ, ವಿಡಿಯೋ ಇಷ್ಟಕ್ಕೆ ಧಾರಾಳ ಸಾಕು. ವಿಡಿಯೋ ವಿಷಯದಲ್ಲಂತೂ ಎಸ್‌ಪಿ ರೋಡಿನ ಆ ಎಂಟನೇ ಪೀಳಿಗೆಯವಕ್ಕಿಂತ ಇದೇ ಮೇಲು, ಯಾಕೆಂದರೆ ಯೂಟ್ಯೂಬ್ ಈಗ ಜಾಸ್ತಿ ಬಳಸುವ ಎವಿ1 ವಿಡಿಯೋವನ್ನು ಬಿಡಿಸುವ ಭಾಗ ಎನ್100ರ ಚಿಪ್ಪಿನ ಒಳಗೇ ಇದೆ. ಇಂಟೆಲ್‌ನಲ್ಲಿ ಅದು ಬಂದದ್ದೇ ಹನ್ನೊಂದನೇ ಪೀಳಿಗೆಯಿಂದ. ಹಳೆಯ ಪ್ರೊಸೆಸರ್ ಅದೇ ಕೆಲಸವನ್ನು ಕೋರ್‌ಗಳಿಂದ ಗೇಯಿಸಬೇಕು. ಗೇದರೆ ಬಿಸಿ, ಬಿಸಿಯಾದರೆ ಸದ್ದು.

ಎನ್100 ಹಾಕಿದ ಡಬ್ಬಿಗಳಲ್ಲೂ ಬಹುಪಾಲು ಸಣ್ಣ ಫ್ಯಾನ್ ಇರುವವೇ. ಪೂರ್ತಿ ಫ್ಯಾನ್ ಇಲ್ಲದವೂ ಇವೆ, ಝೋಟ್ಯಾಕ್‌ನವರು ಸಿ ಸರಣಿ ಅಂತ ಫ್ಯಾನ್ ಇಲ್ಲದ್ದನ್ನೇ ಮಾಡುತ್ತಾ ಬಂದಿದ್ದಾರೆ, ಚೀನಾದ ಕಂಪನಿಗಳವೂ ಸಿಗುತ್ತವೆ. ಇವುಗಳಲ್ಲಿ ಹೊರಗಿನ ಕವಚವೇ ಹೀಟ್‌ಸಿಂಕ್. ನಾನು ತಗೊಂಡದ್ದು ಮೇಲುಗಡೆ ಪೂರ್ತಿ ಅಲ್ಯೂಮಿನಿಯಂ ಏಣುಗಳಿರುವ ಕಪ್ಪು ಡಬ್ಬಿ. ಸಣ್ಣದಾದರೂ ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತೆ. ಫ್ಯಾನ್ ಇಲ್ಲದ್ದನ್ನು ಕೊಳ್ಳುವಾಗ ನೋಡಬೇಕಾದ್ದು ಈ ಭಾರವನ್ನೇ. ಹಗುರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಫ್ಯಾನ್ ಇಲ್ಲ ಅಂದರೆ ಶಾಖ ಎಲ್ಲಿಗೂ ಹೋಗಲ್ಲ, ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಂಡು ತೆವಳುತ್ತೆ.

ಏಪ್ರಿಲ್ ಮಧ್ಯಾಹ್ನ ನಮ್ಮ ಹಾಲಿನಲ್ಲಿ ಡಬ್ಬಿ ಮೇಲೆ ಕೈಯಿಟ್ಟರೆ ಚುರುಕ್ ಅನ್ನುತ್ತಿತ್ತು. ಕೈ ಇಟ್ಟುಕೊಂಡಿರಲು ಆಗುತ್ತೆ, ಆದರೆ ಇಟ್ಟುಕೊಂಡಿರಬೇಕು ಅನ್ನಿಸಲ್ಲ. ಕವಚ ಬಿಸಿಯಾಗುವುದು ಅದರ ಕೆಲಸವೇ, ಹೆದರುವಂಥದ್ದೇನಲ್ಲ. ಆದರೂ ಹೊರಗೆ 37 ಡಿಗ್ರಿ ಇರುವ ಊರಲ್ಲಿ ಸ್ವಲ್ಪ ಸಹಾಯ ಮಾಡಿದರೆ ಒಳ್ಳೆಯದು. ಪ್ರೊಸೆಸರ್ 6 ವ್ಯಾಟಿನದಾದರೂ ಎಷ್ಟೋ ಡಬ್ಬಿಗಳಲ್ಲಿ ತಯಾರಕರು ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗಿನಲ್ಲಿ, 10, 15 ವ್ಯಾಟಿನವರೆಗೂ ಬಿಟ್ಟಿರುತ್ತಾರೆ, ವೇಗದ ಅಂಕಿ ಚೆನ್ನಾಗಿ ಕಾಣಲಿ ಅಂತ. ಆನ್ ಮಾಡುವಾಗ ಡಿಲೀಟ್ ಒತ್ತಿ ಬಯಾಸ್‌ಗೆ ಹೋಗಿ, ಪವರ್ ಲಿಮಿಟ್ 1 ಅನ್ನುವ ಸಾಲು ಹುಡುಕಿ, ಅಲ್ಲಿ 8ಕ್ಕೆ ಇಳಿಸಿದೆ. ಟೈಪಿಂಗಿನಲ್ಲಿ ವ್ಯತ್ಯಾಸ ಒಂದು ಚೂರೂ ಗೊತ್ತಾಗಲಿಲ್ಲ, ಕವಚದ ಬಿಸಿ ಮಾತ್ರ ಎದ್ದು ಕಾಣುವಷ್ಟು ಇಳೀತು.

ಒಳಗೆ ಹಾಕುವ ಎಸ್‌ಎಸ್‌ಡಿಯೂ ಬಿಸಿಯಾಗುತ್ತೆ, ಇದನ್ನು ಯಾರೂ ಹೇಳಲ್ಲ. ಎಸ್‌ಎಸ್‌ಡಿಗೂ ಪ್ರೊಸೆಸರಿಗೂ ನಡುವೆ ಎನ್100ರಲ್ಲಿ ಇರುವುದು ಪಿಸಿಐಇ ಜೆನ್3, ಅಂದರೆ ಮೂರನೇ ಪೀಳಿಗೆಯ ದಾರಿ. ಅದಕ್ಕೆ ದುಬಾರಿ ಜೆನ್4 ಡ್ರೈವ್ ಹಾಕಿದರೆ ವೇಗ ಬರಲ್ಲ, ಬಿಸಿ ಬೇಕಾದರೆ ಬರಬಹುದು. ಮಾಮೂಲಿ ಜೆನ್3 ಡ್ರೈವ್ ಸಾಕು. ರ‍್ಯಾಮ್‌ಗೆ ಒಂದೇ ಚಾನೆಲ್, ಸಾಮಾನ್ಯವಾಗಿ ಒಂದೇ ಸ್ಲಾಟು. ಹಾಗಾಗಿ ಈಗ 8 ಹಾಕಿ ಆಮೇಲೆ ಇನ್ನೊಂದು 8 ಸೇರಿಸೋಣ ಅನ್ನುವ ಲೆಕ್ಕ ನಡೆಯಲ್ಲ, ಮೊದಲೇ 16 ಜಿಬಿ ಹಾಕಿಬಿಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೆ ಹೋಗಿದೆ, ಅದಕ್ಕೆ ಖಾಲಿ ಡಬ್ಬಿ ಅಗ್ಗ ಅಂತ ಕೊಳ್ಳುವ ಮುಂಚೆ ರ‍್ಯಾಮ್ ಸೇರಿಸಿ ಕೂಡಿ ನೋಡಿ. ಇಎಂಎಂಸಿ ಅಂತ ಬರೆದಿದ್ದರೆ ಮುಟ್ಟಲೇಬೇಡಿ, ಅದು ಬೋರ್ಡಿಗೆ ಬೆಸುಗೆ ಹಾಕಿದ ನಿಧಾನದ ಮೆಮೊರಿ, ಕೆಟ್ಟರೆ ಬದಲಿಸಲೂ ಆಗಲ್ಲ. ಮತ್ತೆ ಹೆಸರು ಕೇಳದ ಕಂಪನಿಯ ಡಬ್ಬಿಯಲ್ಲಿ ಅವರೇ ಹಾಕಿ ಕಳಿಸಿದ ವಿಂಡೋಸ್ ಅಳಿಸಿ, ಮೈಕ್ರೋಸಾಫ್ಟ್ ಸೈಟಿಂದ ಇಳಿಸಿಕೊಂಡು ಹೊಸದಾಗಿ ಹಾಕಿಕೊಳ್ಳುವುದು ಕ್ಷೇಮ. ಅದರಲ್ಲೇ ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀವಿ ಅಲ್ವಾ.

ಫ್ಯಾನ್ ಇಲ್ಲ ಅಂದ ಮಾತ್ರಕ್ಕೆ ನಿಶ್ಶಬ್ದ ಅಂತಲೂ ಅಲ್ಲ. ಕೆಲವು ಬೋರ್ಡುಗಳ ಕಾಯಿಲ್‌ಗಳು ಮೌಸ್ ಆಡಿಸಿದಾಗಲೆಲ್ಲ ಸಣ್ಣಗೆ ಕಿಯ್ ಅನ್ನುತ್ತವೆ. ಅಗ್ಗದ ಅಡಾಪ್ಟರ್ ಜೀರುಂಡೆಯನ್ನೂ ಮೀರಿಸುತ್ತೆ. ಹಗಲು ಇದ್ಯಾವುದೂ ಕೇಳಿಸಲ್ಲ. ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಒಂದು ರಾತ್ರಿ ಸೀಲಿಂಗ್ ಫ್ಯಾನ್ ಆರಿಸಿ, ಕಿವಿ ಹತ್ತಿರ ತಂದು ಕೇಳಿ ನೋಡಿ. ಅಡಾಪ್ಟರಿನ ಮೇಲೆ ಭಾರತದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು ಇದೆಯಾ ಅಂತಲೂ ನೋಡಿ.

ಮನೆಯಲ್ಲಿ ಇದನ್ನು ಎಲ್ಲಿಡಬೇಕು ಅನ್ನುವುದೇ ದೊಡ್ಡ ಪಂಚಾಯಿತಿ ಆಯಿತು. ಅಮ್ಮ ಹಳೆಯ ಸಿಪಿಯುಗೆ ಹೊಲಿದಿದ್ದ ಕ್ರೋಶಾ ಕವರ್ ಮಡಚಿ ಚೌಕ ಮಾಡಿ ಇದರ ಮೇಲೆ ಹಾಸಿ, ಅದರ ಮೇಲೊಂದು ಗಣಪತಿ ಇಟ್ಟಿದ್ದರು. ‘ಅಮ್ಮ, ಇದು ಬೆನ್ನಲ್ಲೇ ಉಸಿರಾಡೋದು, ಮುಚ್ಚಬೇಡ’ ಅಂದೆ. ‘ಧೂಳು ಕೂತ್ಕೊಳಲ್ವೇನೋ?’ ಅಂದರು. ಕೂತರೆ ಏಣುಗಳ ಮೇಲೆ ಕೂರುತ್ತೆ, ಒಣ ಬಟ್ಟೆಯಲ್ಲಿ ಒರೆಸಿದರೆ ಆಯಿತು, ಒಳಗೆ ಹೋಗಲು ಫ್ಯಾನೇ ಇಲ್ಲವಲ್ಲ. ಗಣಪತಿ ಈಗ ಪಕ್ಕದಲ್ಲಿದ್ದಾನೆ. ಗಾಜಿನ ಬಾಗಿಲಿನ ಶೋಕೇಸ್ ಒಳಗೆ, ಸೆಟ್‌ಟಾಪ್ ಬಾಕ್ಸ್ ಮೇಲೆ ಎಲ್ಲಾ ಬೇಡ. ಮಾನಿಟರ್ ಬೆನ್ನಿಗೆ ತಿರುಪು ಹಾಕಿ ನಿಲ್ಲಿಸುವ ಪಟ್ಟಿ ಜೊತೆಗೇ ಬರುತ್ತೆ, ಆದರೆ ಫ್ಯಾನ್ ಇಲ್ಲದ್ದನ್ನು ಮಾನಿಟರಿನ ಬಿಸಿಗೆ ಅಂಟಿಸುವುದು ನನಗೆ ಹಿಡಿಸಲಿಲ್ಲ.

ಕರೆಂಟಿನ ವಿಷಯ. ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ನೋಡಿದರೆ ಹಳೆಯ ಟವರ್ 70 ವ್ಯಾಟ್ ಹತ್ತಿರ, ಇದು ಕೆಲಸ ಮಾಡುವಾಗ 12ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ಅಂತ ಹಿಡಿದರೆ ತಿಂಗಳಿಗೆ 21 ಯೂನಿಟ್ ಇದ್ದದ್ದು ನಾಲ್ಕು ಯೂನಿಟ್‌ಗೂ ಕಡಿಮೆ. ಗೃಹಜ್ಯೋತಿಯಲ್ಲಿ ಇದು ಲೆಕ್ಕಕ್ಕೆ ಬರುವ ಮಾತೇ, ನಾವಿನ್ನೂ ಕೆಇಬಿ ಅಂತಲೇ ಕರೆಯುವ ಸೆಸ್ಕ್‌ನವರು ಹಳೆಯ ಸರಾಸರಿಗಿಂತ ಸ್ವಲ್ಪ ಮಾತ್ರ ಜಾಸ್ತಿ ಬಿಡುತ್ತಾರೆ, ಮೇಲಿನದಕ್ಕೆ ದುಡ್ಡು ಕಟ್ಟಬೇಕು. ಹಳೆಯ ಯುಪಿಎಸ್ಸನ್ನೇ ಇದಕ್ಕೂ ಹಾಕಿದ್ದೇನೆ. ಮೊದಲೆಲ್ಲಾ ಕರೆಂಟ್ ಹೋದರೆ ಫೈಲ್ ಸೇವ್ ಮಾಡಿ ಆರಿಸೋಕೆ ಓಡಬೇಕಿತ್ತು, ಈಗ ಲಗ್ನಪತ್ರಿಕೆಯ ಒಂದು ಪುಟ ಪೂರ್ತಿ ಮುಗಿಸಿಯೇ ಏಳಬಹುದು. ಅಷ್ಟೂ ಹೊತ್ತು ಯುಪಿಎಸ್ ಬೀಪ್ ಬೀಪ್ ಅಂತ ಹೊಡೆದುಕೊಳ್ಳುತ್ತಲೇ ಇರುತ್ತೆ, ಅದರ ಗುಂಡಿಯನ್ನು ಒಮ್ಮೆ ಒತ್ತಿದರೆ ಬಾಯಿ ಮುಚ್ಚುತ್ತೆ ಅಂತ ಅಪ್ಪನೇ ಕಂಡುಹಿಡಿದರು.